ಎಬ್ಬಿಸುವ ದನಿ ಯಾವುದು?

ಪರೀಕ್ಷೆ ಸಮೀಪಿಸಿದಂತೆ ಪಾಲಕರ ದೂರೊಂದು ಹೆಚ್ಚುತ್ತದೆ: ಅಲಾರಾಂ ಹೊಡಕೊಂಡರೂ ನಮ್ಮ ಹುಡುಗ ಏಳುವುದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸುತ್ತಿನ ಹಳ್ಳಿಗಳಿಂದ ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಿಗೆ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಮುಂಜಾನೆಯ ಬಸ್ಸು ತಪ್ಪಿದರೆ ಮೊದಲ ಪಾಠವೂ ತಪ್ಪಿತು.

ಈಗ ಕೀಲಿ ಕೊಡುವ ಟೈಂಪೀಸಿನ ಜಾಗಕ್ಕೆ ಮೊಬೈಲ್ ಬಂದಿದೆ. ಅಲಾರಾಂ ಆ್ಯಪ್‌ಗಳಿಗೂ ಲೆಕ್ಕವಿಲ್ಲ. ಹಾಗಾದರೆ ಗಾಢ ನಿದ್ದೆಯವರು ಯಾವುದನ್ನು ಆರಿಸಬೇಕು? ಅತಿ ಜೋರಾಗಿ ಕೂಗುವುದನ್ನೇ? ಅಲ್ಲ, ಹಾಸಿಗೆ ಬಿಡಿಸುವುದನ್ನು.

ಗಂಟೆ ಕೇಳಿಸದೆ ಮಲಗಿರುವವರಿಗಿಂತ, ಅರೆನಿದ್ದೆಯಲ್ಲೇ ಅದನ್ನು ಬಂದ್ ಮಾಡಿ ಮತ್ತೆ ಮಲಗುವವರೇ ಹೆಚ್ಚು. ಅಂಥವರಿಗೆ ದಕ್ಷಿಣ ಕೊರಿಯಾದ ‘ಅಲಾರ್ಮಿ’ಯಂಥ ಆ್ಯಪ್ ಒಗ್ಗುತ್ತದೆ. ಲೆಕ್ಕ ಬಿಡಿಸಬೇಕು, ಫೋನನ್ನು ಅಲ್ಲಾಡಿಸಬೇಕು, ಇಲ್ಲವೇ ಮೊದಲೇ ಗೊತ್ತುಮಾಡಿದ ಜಾಗಕ್ಕೆ ಹೋಗಿ ಫೋಟೋ ತೆಗೆಯಬೇಕು. ಆಗಲೇ ಸದ್ದು ನಿಲ್ಲುತ್ತದೆ. ಬಚ್ಚಲಮನೆಯ ಫೋಟೋ ಗೊತ್ತುಮಾಡಿದರೆ ಮುಖಕ್ಕೆ ನೀರು ಬೀಳುವುದೂ ಸುಲಭ!

ಇನ್ನು ದನಿಯ ಮಾತು. ಅಮೆರಿಕದ ಓಹಿಯೋದಲ್ಲಿ 24 ಮಕ್ಕಳ ಮೇಲೆ ನಡೆದ ಪರೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ಗಾಢ ನಿದ್ದೆಯಲ್ಲಿದ್ದಾಗ ಬೆಂಕಿ ಎಚ್ಚರಿಕೆಯ ಮಾಮೂಲಿ ಕರ್ಕಶ ಸದ್ದಿಗೆ ಎದ್ದವರು 14 ಮಂದಿ. ಹೆಸರು ಹಿಡಿದು ಕರೆದ ತಾಯಿಯ ಧ್ವನಿಮುದ್ರಣಕ್ಕೆ ಎದ್ದವರು 23 ಮಂದಿ! ಅವರು ಸಣ್ಣ ಮಕ್ಕಳು, ನಿಜ. ಆದರೂ ಈ ಉಪಾಯ ಮಾಡಿ ನೋಡಲು ಖರ್ಚೇನೂ ಇಲ್ಲ. ಅವ್ವನ ಕೂಗನ್ನು ಫೋನಿನಲ್ಲೇ ಮುದ್ರಿಸಿ, ಅದನ್ನೇ ಅಲಾರಾಂ ಸದ್ದಾಗಿ ಇಟ್ಟುಕೊಳ್ಳಬಹುದು. ಗೂಗಲ್‌ನ ಗಡಿಯಾರ ಆ್ಯಪ್‌ನಲ್ಲೂ ಈ ಸೌಲಭ್ಯವಿದೆ.

ಯಾವ ಆ್ಯಪ್ ಆದರೂ ನಾಲ್ಕು ಸಂಗತಿ ನೋಡಿಕೊಳ್ಳಿ. ಅಲಾರಾಂ ಸದ್ದಿನ ಮಟ್ಟ ಕರೆಯ ಸದ್ದಿನಿಂದ ಬೇರೆ ಇರುತ್ತದೆ, ಅದನ್ನು ಏರಿಸಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಕೆಲವು ಫೋನುಗಳಲ್ಲಿ ಆ್ಯಪನ್ನೇ ನಿಲ್ಲಿಸಿಬಿಡುತ್ತದೆ, ಆ ಆ್ಯಪಿಗೆ ವಿನಾಯಿತಿ ಕೊಡಿ. ರಾತ್ರಿ ಕರೆಂಟು ಹೋದೀತು, ಸಂಜೆಯೇ ಚಾರ್ಜ್ ಮಾಡಿ. ಫೋನನ್ನು ದಿಂಬಿನ ಬಳಿ ಇಡದೆ ಎದ್ದು ಹೋಗುವಷ್ಟು ದೂರದಲ್ಲಿಡಿ. ಮಲಗಿಕೊಂಡು ಅದನ್ನು ನೋಡುವ ಚಟವೂ ಇದರಿಂದ ತಗ್ಗುತ್ತದೆ.

ಮನೆಗೆಲ್ಲ ಒಂದೇ ಫೋನಿದ್ದು, ಅದೂ ಅಪ್ಪನ ಜೊತೆ ರಾತ್ರಿ ನೀರು ಹಾಯಿಸಲು ಹೊಲಕ್ಕೆ ಹೋಗುವುದಾದರೆ? ಹಳೆಯ ಟೈಂಪೀಸನ್ನೇ ಸ್ಟೀಲ್ ತಾಟಿನಲ್ಲಿಟ್ಟು ನೋಡಿ, ಸದ್ದು ಇಮ್ಮಡಿ ಎನಿಸುತ್ತದೆ.

ಪಾಲಕರಿಗೂ ಒಂದು ಮಾತು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ತಡವಾಗಿ ಹತ್ತುವುದು ದೇಹದ ಗುಣ, ಎಲ್ಲವೂ ಸೋಮಾರಿತನವಲ್ಲ. ಐದಕ್ಕೆ ಏಳಬೇಕಾದವರು ಒಂಬತ್ತಕ್ಕೆ ಮಲಗಬೇಕು. ಆ ಹೊತ್ತಿಗೆ ಮನೆಯ ಟಿ.ವಿ. ಆರಬೇಕು. ಹನ್ನೊಂದಕ್ಕೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿದರೆ ಕಣ್ಣು ಪುಸ್ತಕದ ಮೇಲೆ, ತಲೆ ದಿಂಬಿನ ಮೇಲೆ! ಸಾಕಷ್ಟು ಮಲಗಿಯೂ ಹಗಲೆಲ್ಲ ತೂಕಡಿಸುವವರನ್ನು, ವಿಪರೀತ ಗೊರಕೆ ಹೊಡೆಯುವವರನ್ನು ವೈದ್ಯರಿಗೆ ತೋರಿಸಿ.

ಹೊಸ ಅಲಾರಾಮನ್ನು ಪರೀಕ್ಷೆಯ ದಿನವೇ ನಂಬಬೇಡಿ. ಮೊದಲು ಒಂದು ರವಿವಾರ ಪರೀಕ್ಷಿಸಿ ನೋಡಿ.