ಓಲೆ ಕಳೆದರೂ ಮೂತಿ ಇರುತ್ತದೆ

ನನ್ನ ಎಚ್.ಎಫ್. ಹಸುವಿನ ಕಿವಿಯೋಲೆ ಬೇಲಿಗೆ ಸಿಕ್ಕಿ ಕಿತ್ತುಹೋಗಿತ್ತು. ಹೊಸದು ಹಾಕಿಸುವಷ್ಟರಲ್ಲಿ ಹಸು ಹೊಟ್ಟೆ ಉಬ್ಬರಿಸಿ ಸತ್ತಿತು. ಆ 12 ಅಂಕಿ ಇಲ್ಲದೆ ಇದು ಅದೇ ಹಸು ಅಂತ ಹೇಗೆ ನಂಬೋದು ಎಂದರು ವಿಮೆಯವರು. ನಾಲ್ಕು ವರ್ಷ ಎರಡು ಹೊತ್ತೂ ಹಾಲು ಕರೆದವಳ ಮಾತು ಸಾಕ್ಷಿಯಾಗಲಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಅಕ್ಕಂದಿರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಮೂತಿಯ ಫೋಟೊ ನೋಡಿ ಹಸು ಗುರುತಿಸುವ ಮೊಬೈಲ್ ಆ್ಯಪ್‌ಗಳು ನಮ್ಮ ದೇಶದಲ್ಲೂ ಬಂದಿವೆ. ಅದು ನಮಗೂ ಬೇಕು ಎನ್ನುವವಳು ನಾನು. ಆದರೆ ಅದು ಹೇಗೆ ನೋಡುತ್ತದೆ ಎಂದು ತಿಳಿದುಕೊಂಡೇ ಒಪ್ಪಬೇಕು.

ಹಸುವಿನ ಮೂಗಿನ ಮೇಲಿನ ಗೆರೆ, ಉಬ್ಬುಗಳು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಅಮೆರಿಕದ ಪೀಟರ್ಸನ್ ಎಂಬುವರು 1922ರಲ್ಲೇ ಮೂಗಿನ ಅಚ್ಚಿನಿಂದ ಹಸು ಗುರುತಿಸುವ ಬಗ್ಗೆ ಬರೆದಿದ್ದರು. ಈಗ ಆ ಕೆಲಸ ಕಂಪ್ಯೂಟರಿಗೆ ಬಂದಿದೆ. ಅದು ಇಡೀ ಮುಖ ನೋಡುವುದಿಲ್ಲ. ಕೆನಡಾದ ಡೇವಿಡ್ ಲೋ ಎಂಬ ವಿಜ್ಞಾನಿ 1999ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ, ಫೋಟೊದ ಎದ್ದು ಕಾಣುವ ಚಿಕ್ಕ ಚಿಕ್ಕ ಜಾಗಗಳನ್ನು ಆರಿಸಿ, ಒಂದೊಂದರ ಸುತ್ತಲಿನ ಬೆಳಕು-ನೆರಳನ್ನು 128 ಸಂಖ್ಯೆಗಳಾಗಿ ಬರೆದುಕೊಳ್ಳುತ್ತದೆ. ಎರಡು ಫೋಟೊಗಳ ಸಂಖ್ಯೆಗಳು ಎಷ್ಟು ಹತ್ತಿರ ಇವೆ ಎಂದು ಅಳೆಯುತ್ತದೆ.

ಡೇರಿಯಲ್ಲಿ ಸಾಲಾಗಿಟ್ಟ ಕ್ಯಾನುಗಳಲ್ಲಿ ನಮ್ಮದನ್ನು ನೆಗ್ಗು ನೋಡಿ ಗುರುತಿಸುತ್ತೇವಲ್ಲ, ಹಾಗೇ. ಅಂಥದೇ ನೆಗ್ಗು ಪಕ್ಕದ ಕ್ಯಾನಿನಲ್ಲೂ ಇದ್ದರೆ ಅದು ಗುರುತಲ್ಲ. ಕಂಪ್ಯೂಟರೂ ಅಷ್ಟೆ: ಅತಿ ಹತ್ತಿರದ ಹೋಲಿಕೆ, ಎರಡನೆಯದಕ್ಕಿಂತ ಚೆನ್ನಾಗಿಯೇ ಹತ್ತಿರವಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ.

ತೊಡಕು ಇರುವುದು ಮುಂದೆ. ಎಷ್ಟು ಜಾಗ ಹೊಂದಿದರೆ ‘ಅದೇ ಹಸು’ ಎನ್ನಬೇಕು? ಆ ಗೆರೆ ಎಳೆಯುವವರು ಮನುಷ್ಯರೇ. ಸಡಿಲ ಮಾಡಿದರೆ ಯಾರದೋ ಹಸು ತೋರಿಸಿ ದುಡ್ಡು ಹೊಡೆಯುತ್ತಾರೆ, ಬಿಗಿ ಮಾಡಿದರೆ ನಮ್ಮಂಥವರ ನಿಜವಾದ ಹಸುವೇ ತಿರಸ್ಕಾರವಾಗುತ್ತದೆ. ಆರೋಗ್ಯವಾಗಿರುವ ಹಸುವಿನ ಮೂಗು ಯಾವಾಗಲೂ ಒದ್ದೆ. ಬೆಳಕು ಬಿದ್ದರೆ ಹೊಳೆದು ಗೆರೆಯೇ ಕಾಣುವುದಿಲ್ಲ. ಮೇಲೆ ಬೂಸಾ ಬೇರೆ ಮೆತ್ತಿರುತ್ತದೆ. ಕತ್ತಲೆ ಕೊಟ್ಟಿಗೆಯಲ್ಲಿ ಅವಸರಕ್ಕೆ ಕ್ಲಿಕ್ಕಿಸಿದ ಒಂದೇ ಫೋಟೊ ನಾಳೆ ನಮಗೇ ತಿರುಗಿಬಿದ್ದೀತು.

ಆದ್ದರಿಂದ ವಿಮೆ ಮಾಡಿಸುವಾಗಲೇ ಮೂಗು ಒರೆಸಿ, ಹಗಲು ಬೆಳಕಿನಲ್ಲಿ, ನಾಲ್ಕಾರು ಫೋಟೊ ತೆಗೆಯಬೇಕು. ಒಂದು ಪ್ರತಿ ಸಂಘದಲ್ಲೂ ಇರಬೇಕು. ಯಂತ್ರ ‘ಹೊಂದುತ್ತಿಲ್ಲ’ ಎಂದರೆ ಅಲ್ಲಿಗೇ ಅರ್ಜಿ ಮುಚ್ಚಬಾರದು. ಪಶುವೈದ್ಯರು ಎರಡೂ ಫೋಟೊ ಕಣ್ಣಾರೆ ನೋಡಿ ಹೇಳಬೇಕು, ಕಾರಣ ನಮಗೆ ಕನ್ನಡದಲ್ಲಿ ಬರೆದುಕೊಡಬೇಕು. ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ನಾನು ಎತ್ತುತ್ತೇನೆ. ನಿಮ್ಮ ಸಂಘದಲ್ಲಿ ನೀವೂ ಎತ್ತಿ.