ಗೋಡೆ ದಾಟದ ಗುಡುಗು

ಡೊಳ್ಳು ಕುಣಿತವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರ ಸದ್ದು ಕಿವಿಗೆ ಕೇಳುವುದಷ್ಟೇ ಅಲ್ಲ, ಎದೆಗೂಡಿಗೂ ತಟ್ಟುತ್ತದೆ. ಮುಂಬೈ, ಪುಣೆ, ಹೈದರಾಬಾದ್‌ಗಳ ಬಾಡಿಗೆ ಫ್ಲ್ಯಾಟ್‌ಗಳಲ್ಲಿರುವ ನಮ್ಮಲ್ಲಿ ಹಲವರು ಸಂಬಳದಲ್ಲಿ ಉಳಿಸಿ ಸಬ್‌ವೂಫರ್ ಕೊಳ್ಳುವುದು ಅಂಥ ಅನುಭವಕ್ಕಾಗಿಯೇ. ಆದರೆ ಶನಿವಾರ ರಾತ್ರಿ ಸಿನಿಮಾ ಹಾಕಿ ಅರ್ಧ ಗಂಟೆಯಾಗುವುದರೊಳಗೆ ಕಾಲಿಂಗ್ ಬೆಲ್ ಸದ್ದಾಗುತ್ತದೆ. ಇಲ್ಲವೇ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫ್ಲ್ಯಾಟ್ ನಂಬರ್ ಸಮೇತ ದೂರು ಬೀಳುತ್ತದೆ. ದೂರು ಜಗಳಕ್ಕೆ ತಿರುಗಿದರೆ ‘ಹೊರಗಿನಿಂದ ಬಂದವರು’ ಎಂಬ ಮಾತು ಬರಲು ತಡವಾಗುವುದಿಲ್ಲ. ಬಾಡಿಗೆ ಕರಾರಿನ ನವೀಕರಣಕ್ಕೂ ಅದು ತೊಡಕಾಗಬಹುದು. ಹಟ ಹಿಡಿಯಬೇಕು ಅಥವಾ ಸಬ್‌ವೂಫರನ್ನು ಅಟ್ಟಕ್ಕೆ ಹಾಕಬೇಕು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಮೂರನೆಯ ದಾರಿಯೂ ಇದೆ.

ಮೊದಲು ಬೇಸ್‌ನ ಸ್ವಭಾವ ತಿಳಿಯಬೇಕು. ಸೆಕೆಂಡಿಗೆ 3,000 ಬಾರಿ ಕಂಪಿಸುವ ಸದ್ದಿನ ತರಂಗ ಗಾಳಿಯಲ್ಲಿ ಸುಮಾರು 11 ಸೆಂಟಿಮೀಟರ್ ಉದ್ದ. 40 ಹರ್ಟ್ಸ್‌ನ ಬೇಸ್ ತರಂಗ ಸುಮಾರು ಎಂಟೂವರೆ ಮೀಟರ್. ನಮ್ಮ ಹಾಲ್‌ಗಿಂತಲೂ ಉದ್ದ. ಕಂಪನದ ಸಂಖ್ಯೆ ಅರ್ಧಕ್ಕೆ ಇಳಿದಂತೆಲ್ಲ ಗೋಡೆ ಸದ್ದನ್ನು ತಡೆಯುವ ಶಕ್ತಿ ಸ್ಥೂಲವಾಗಿ 6 ಡೆಸಿಬೆಲ್ ಕುಗ್ಗುತ್ತದೆ. ಹಾಗಾಗಿಯೇ ಸಿನಿಮಾದ ಸಂಭಾಷಣೆ ನಮ್ಮ ಮನೆಯಲ್ಲೇ ಉಳಿಯುತ್ತದೆ, ಬಾಂಬ್ ಸ್ಫೋಟ ಮಾತ್ರ ಪಕ್ಕದ ಮನೆಗೆ ಹೋಗುತ್ತದೆ. ಗೋಡೆಗೆ ಅಂಟಿಸುವ ಫೋಮ್ ಹಾಳೆಗಳಿಂದ ಕೋಣೆಯೊಳಗಿನ ಪ್ರತಿಧ್ವನಿ ತಗ್ಗೀತೇ ಹೊರತು ಬೇಸ್ ನಿಲ್ಲದು. ಅದಕ್ಕೆ ಭಾರವಾದ ಜೋಡಿ ಗೋಡೆ, ನಡುವೆ ಅಂತರ ಬೇಕು. ಬಾಡಿಗೆ ಮನೆಯಲ್ಲಿ ಅದು ಆಗದ ಮಾತು.

ಕಾನೂನಿನ ಮಿತಿಯೊಳಗಿದ್ದರೆ ಸಾಕಲ್ಲವೇ ಎನ್ನಬಹುದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55, ರಾತ್ರಿ ವೇಳೆ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ಇದನ್ನು ಅಳೆಯುವುದು ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ‘ಎ’ ಮಾನದಲ್ಲಿ. ಈ ಮಾನದಲ್ಲಿ 50 ಹರ್ಟ್ಸ್‌ನ ಸದ್ದು ಸುಮಾರು 30 ಡೆಸಿಬೆಲ್ ಕಡಿಮೆಯಾಗಿ ದಾಖಲಾಗುತ್ತದೆ. ಮೀಟರ್ 45 ತೋರಿಸಿತೆಂಬ ಮಾತ್ರಕ್ಕೆ ಕೆಳಗಿನ ಮನೆಯ ಮಗು ನೆಮ್ಮದಿಯಾಗಿ ಮಲಗಿದೆ ಎಂದರ್ಥವಲ್ಲ. ‘ನನ್ನ ಮನೆ, ನನ್ನ ಹಕ್ಕು’ ಎಂಬ ವಾದವೂ ನಿಲ್ಲದು. ಧ್ವನಿವರ್ಧಕದಿಂದ ಗದ್ದಲ ಎಬ್ಬಿಸುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಸ್ಪಷ್ಟಪಡಿಸಿದೆ.

ಹಾಗಾದರೆ ಮಾಡುವುದೇನು? ಬೇಸ್ ಕಿವಿಗಷ್ಟೇ ಸೇರಿದ್ದಲ್ಲ ಎಂಬಲ್ಲೇ ಪರಿಹಾರವಿದೆ. ಶ್ರವಣಶಕ್ತಿ ಬಹುತೇಕ ಇಲ್ಲದ ಸ್ಕಾಟ್ಲೆಂಡ್‌ನ ತಾಳವಾದ್ಯ ಕಲಾವಿದೆ ಎವಲಿನ್ ಗ್ಲೆನಿ ಬರಿಗಾಲಿನಲ್ಲಿ ನಿಂತು, ಕಂಪನಗಳನ್ನು ಮೈಯಿಂದಲೇ ಗ್ರಹಿಸುತ್ತಾ ನುಡಿಸುತ್ತಾರೆ. ‘ಬೇಸ್ ಶೇಕರ್’ ಎಂಬ ಉಪಕರಣ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಇದರಲ್ಲಿ ಸ್ಪೀಕರಿನಂತೆ ಗಾಳಿಯನ್ನು ತಳ್ಳುವ ಕೋನ್ ಇರುವುದಿಲ್ಲ. ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಒಳಗಿನ ತೂಕ ಅಲುಗುತ್ತದೆ. ಸೋಫಾದ ಚೌಕಟ್ಟಿಗೆ ಅದನ್ನು ಸ್ಕ್ರೂ ಹಾಕಿ ಬಿಗಿದು, ಸಣ್ಣ ಆಂಪ್ಲಿಫೈಯರ್ ಮೂಲಕ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನಷ್ಟೇ ಕೊಟ್ಟರೆ ಸ್ಫೋಟದ ಅದುರು ನೇರವಾಗಿ ಬೆನ್ನಿಗೆ ಬರುತ್ತದೆ. ಸೋಫಾದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಡುವುದನ್ನು ಮಾತ್ರ ಮರೆಯಬಾರದು. ಇಲ್ಲದಿದ್ದರೆ ಕಂಪನ ಸ್ಲ್ಯಾಬಿಗೆ ಇಳಿದು ಕೆಳಮನೆಯ ಸೀಲಿಂಗ್ ತಲುಪುತ್ತದೆ. ಮಾತು, ಸಂಗೀತಕ್ಕೆ ಹೆಡ್‌ಫೋನ್ ಹಾಕಿಕೊಂಡರೆ ಮಧ್ಯರಾತ್ರಿಯೂ ಸಿನಿಮಾ ನೋಡಬಹುದು.

ಖರ್ಚು ಬೇಡವೆಂದರೆ ಸಬ್‌ವೂಫರನ್ನು ಕೋಣೆಯ ಮೂಲೆಯಿಂದ ತೆಗೆದು ಸೋಫಾದ ಹಿಂದೆಯೇ ಇಡಿ. ಹತ್ತಿರವಿದ್ದಷ್ಟೂ ಕಡಿಮೆ ವಾಲ್ಯೂಮ್ ಸಾಕು. ವಾಲ್ಯೂಮ್ ತಗ್ಗಿಸಿದಾಗ ಕಿವಿಗೆ ಮೊದಲು ಮರೆಯಾಗುವುದೇ ಬೇಸ್ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ನಕ್ಷೆಗಳು ತೋರಿಸುತ್ತವೆ. ನಾವು ಪದೇ ಪದೇ ರಿಮೋಟ್ ಒತ್ತುವುದಕ್ಕೆ ಇದೂ ಒಂದು ಕಾರಣ. ಆಂಪ್ಲಿಫೈಯರಿನಲ್ಲಿ ‘ಲೌಡ್‌ನೆಸ್’ ಗುಂಡಿಯಿದ್ದರೆ ಅದು ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಹಗಲಲ್ಲಿ ಬೇಸ್ ಹೆಚ್ಚಿರುವ ಹಾಡೊಂದನ್ನು ಹಾಕಿ, ಪಕ್ಕದ ಮತ್ತು ಕೆಳಗಿನ ಮನೆಯವರ ಒಪ್ಪಿಗೆ ಪಡೆದು, ಅವರ ಮಲಗುವ ಕೋಣೆಯಲ್ಲಿ ಎರಡು ನಿಮಿಷ ನಿಂತು ಕೇಳಿ. ಅಲ್ಲಿಗೆ ಕೇಳಿಸದ ಮಟ್ಟವನ್ನು ವಾಲ್ಯೂಮಿನಲ್ಲಿ ಗುರುತು ಹಾಕಿಕೊಳ್ಳಿ. ಮುಂಬೈ, ಪುಣೆಯಲ್ಲಿರುವವರು ‘ತ್ರಾಸ ಹೋತೋ ಕಾ?’ ಎಂದು ಕೇಳಿದರಾಯಿತು. ಉತ್ತರ ಕರ್ನಾಟಕದವರಿಗೆ ಆ ‘ತ್ರಾಸ’ ಹೊಸ ಪದವೇನಲ್ಲ. ಹೀಗೆ ಮೊದಲೇ ವಿಚಾರಿಸಿದವರ ಮನೆಯಿಂದ ಎಂದಾದರೂ ಸದ್ದು ಬಂದರೆ, ಗುಂಪಿನಲ್ಲಿ ದೂರು ಹಾಕುವ ಮೊದಲು ನೆರೆಯವರು ಒಂದು ಫೋನ್ ಮಾಡಿಯಾರು.