‘ಮತ್ತು ಸಂಗಡಿಗರು’ ಅಂದ್ರೆ ಯಾರು?

ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ನಮ್ಮವರನ್ನೇ ಕೇಳುತ್ತಿರುವ ಪ್ರಶ್ನೆ ಇದು. ಬೈಯೋದಿದ್ರೆ ಇನ್‌ಬಾಕ್ಸಿಗೆ ಬರೋದು ಬೇಡ, ಇಲ್ಲೇ ಕಾಮೆಂಟಲ್ಲಿ ಬೈಯಿರಿ.

ಏಪ್ರಿಲ್ 14 ಹತ್ತಿರ ಬಂತು ಅಂದ್ರೆ ನಮ್ಮ ಫೋನ್ ತುಂಬಾ ಹೊಸ ಹಾಡುಗಳು. ಮಳವಳ್ಳಿಯಲ್ಲಿ ಕೂತವರು ಸಾಹಿತ್ಯ ಬರೆದು ವಾಟ್ಸಾಪಲ್ಲಿ ಕಳಿಸ್ತಾರೆ. ಬೆಂಗಳೂರಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಕಟ್ಟುತ್ತಾನೆ, ಕೋಲಾರದಿಂದ ಹಾಡಿದ ದನಿ ಬರುತ್ತೆ, ಮೈಸೂರಲ್ಲಿ ಎಡಿಟಿಂಗ್ ಆಗುತ್ತೆ. ಒಬ್ಬರ ಮುಖ ಒಬ್ಬರು ನೋಡದೆ ಹಾಡು ತಯಾರು. ಕ್ಯಾಸೆಟ್ ಕಂಪನಿಯವನ ಬಾಗಿಲು ಕಾಯೋ ಕಷ್ಟ ತಪ್ಪಿತು, ಅದಕ್ಕೆ ನನಗೂ ಖುಷಿ ಇದೆ. ಆದರೆ ಹಾಡಿನ ಕೆಳಗೆ ಬರೆದಿರೋ ಹೆಸರುಗಳನ್ನ ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? ಸಾಹಿತ್ಯ ಇಂಥವರು, ಸಂಗೀತ ಇಂಥವರು, ಗಾಯನ ಇಂಥವರು, ನಿರ್ಮಾಣ ಇಂಥವರು, ಸಹಕಾರ ಆ ಊರಿನ ಮುಖಂಡರು. ಕೊನೆಗೆ ಒಂದು ಸಾಲು: ‘ಮತ್ತು ಸಂಗಡಿಗರು’.

ಆ ಸಂಗಡಿಗರಲ್ಲಿ ಒಬ್ಬರು ನನಗೆ ಸಂಬಂಧದಲ್ಲಿ ಮಾವ ಆಗಬೇಕು. ತಮಟೆ ಬಡಿಯೋರು. ಹೋದ ವರ್ಷ ಒಂದು ಚಾನೆಲ್‌ನವರು (ಹೆಸರು ಬೇಡ, ಅವರೂ ನಮ್ಮವರೇ) ಕರೆಸಿ ಒಂದು ಹಾಡಿಗೆ ತಮಟೆ ರೆಕಾರ್ಡ್ ಮಾಡಿಕೊಂಡರು. ಬೆಳಗ್ಗೆ ಹೋದವರು ಸಂಜೆವರೆಗೆ ನಾಲ್ಕೈದು ಗತ್ತು ಬಡಿದು ಬಂದರು. ಬಸ್ ಚಾರ್ಜು, ಊಟ, ಕವರಲ್ಲಿ 800 ರೂಪಾಯಿ. ಗಾರೆ ಕೆಲಸಕ್ಕೆ ಹೋಗಿದ್ರೂ ಅಷ್ಟು ಸಿಗ್ತಿತ್ತು. ಅದಕ್ಕೂ ಮಾವ ಬೇಜಾರು ಮಾಡ್ಕೊಳ್ಳಲಿಲ್ಲ. ಬೇಜಾರಾಗಿದ್ದು ಆಮೇಲೆ. ಮೊಮ್ಮಗಳು ಫೋನಲ್ಲಿ ಬೇರೆ ಹಾಡು ಹಾಕಿದಳು, ಅದರಲ್ಲೂ ಇವರದೇ ಬಡಿತ. ಮತ್ತೊಂದು ಹಾಡು, ಅದರಲ್ಲೂ ಅದೇ. ಒಟ್ಟು ಮೂರು ಹಾಡು. ನನ್ನ ಹತ್ರ ಬಂದು ಕೇಳಿದರು: “ಏನ್ ಮಗಾ ಇದು, ನಾನು ಬಡೀದೇ ಇರೋ ಹಾಡ್ನಾಗೆ ನನ್ ತಮಟೆ ಹೆಂಗ್ ಬಂತು?”

ಲೂಪ್ ಅಂದ್ರೆ ಏನು ಅಂತ ಹೇಳಿಕೊಟ್ಟೆ. ಒಂದು ಸಲ ರೆಕಾರ್ಡ್ ಆದ ಬಡಿತವನ್ನ ಕತ್ತರಿಸಿ ಎಷ್ಟು ಸಲ ಬೇಕಾದ್ರೂ ಅಂಟಿಸಬಹುದು, ತಮಟೆ ಕಾಯಿಸೋಕೆ ಬೆಂಕಿಯೂ ಬೇಡ, ಬಡಿಯೋನೂ ಬೇಡ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮುಂದಿನ ವರ್ಷ ಕರಿಯಲ್ಲ ಬುಡು” ಅಂದ್ರು. ಅವರಿಗೆ ವಿಷಯ ನನಗಿಂತ ಬೇಗ ಅರ್ಥ ಆಗಿತ್ತು.

ನಾನು ಆಫೀಸಲ್ಲಿ ಗುಮಾಸ್ತ. ಮಸ್ಟರ್ ರೋಲ್ ನೋಡಿಯೇ ಅರ್ಧ ಆಯುಷ್ಯ ಕಳೆದಿದ್ದೀನಿ. ಅದರಲ್ಲಿ ಹೆಸರಿಲ್ಲದವನು ಗುಂಡಿ ತೋಡಿರಬಹುದು, ಕಲ್ಲು ಹೊತ್ತಿರಬಹುದು, ಕೂಲಿ ಮಾತ್ರ ಬರಲ್ಲ. ಆರು ತಿಂಗಳಾದ ಮೇಲೆ ಬಂದು ಕೇಳಿದ್ರೆ ‘ದಾಖಲೆ ಇಲ್ಲ’ ಅಂತಾರೆ. ಯೂಟ್ಯೂಬ್ ಹಾಡಿನ ಕೆಳಗಿನ ಹೆಸರುಗಳೂ ನನಗೆ ಮಸ್ಟರ್ ರೋಲ್ ಥರಾನೇ ಕಾಣೋದು. ಹೆಸರು ಹಾಕೋದು ಗೌರವದ ಮಾತು, ದುಡ್ಡು ಬೇರೆ ಮಾತು ಅಂತ ಕೆಲವರು ಹೇಳ್ತಾರೆ. ಎರಡೂ ಒಂದೇ ಕಣ್ರೀ. ಇವತ್ತು ಹೆಸರು ಬಿಟ್ಟವರು ನಾಳೆ ಪಾಲು ಕೇಳಿದಾಗ ‘ನೀನ್ಯಾರು’ ಅಂತಲೇ ಕೇಳೋದು.

‘ಎಂಜಾಯ್ ಎಂಜಾಮಿ’ ನೆನಪಿದೆಯಲ್ಲ? 2021ರ ಮಾರ್ಚಲ್ಲಿ ಬಂದ ತಮಿಳು ಹಾಡು, 40 ಕೋಟಿ ವೀಕ್ಷಣೆ ದಾಟಿದ್ದು. ಬರೆದು ಹಾಡಿದ್ದು ಅರಕ್ಕೋಣಂ ಕಡೆಯ ದಲಿತ ಹುಡುಗ ಅರಿವು. ಜೊತೆಗೆ ಹಾಡಿದ್ದು ಧೀ, ಸಂಗೀತ ಸಂತೋಷ್ ನಾರಾಯಣನ್. ಶ್ರೀಲಂಕಾದ ಟೀ ತೋಟದಲ್ಲಿ ದುಡಿದು ಬರಿಗೈಲಿ ವಾಪಸ್ ಬಂದವರ ಕತೆ ಅದರೊಳಗಿದೆ, ಅರಿವು ಅಜ್ಜಿ ವಳ್ಳಿಯಮ್ಮಾಳ್ ಬದುಕು ಅದು. ಅದೇ ವರ್ಷ ಆಗಸ್ಟಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನೆ ಮಾಡಿದ ಮೇಲೆ ಗಲಾಟೆ ಆಯ್ತು. 2022ರ ಜುಲೈನಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಆ ಹಾಡು ಹಾಡಿದಾಗಲೂ ಅರಿವು ವೇದಿಕೆ ಮೇಲೆ ಇರಲಿಲ್ಲ. ರಾಗ ನನ್ನದು, ಪದ ನನ್ನದು ಅಂತ ಅರಿವು ಬರೆದರು. ಸಂಗೀತ ಕಟ್ಟಿದ್ದು ನಾನು, ಆದಾಯ ಮತ್ತು ಹಕ್ಕು ಮೂವರಿಗೂ ಸಮ ಪಾಲು ಅಂತ ಸಂತೋಷ್ ನಾರಾಯಣನ್ ಉತ್ತರ ಕೊಟ್ಟರು. ಅವರಿಬ್ಬರ ನಡುವಿನ ನ್ಯಾಯ ತೀರ್ಮಾನ ಮಾಡೋಕೆ ನಾನು ಹೋಗಲ್ಲ. ನನಗೆ ಮುಖ್ಯ ಅನಿಸಿದ್ದು ಆಮೇಲಿನದು. 2024ರ ಮಾರ್ಚಲ್ಲಿ ಅದೇ ಸಂತೋಷ್ ನಾರಾಯಣನ್, ಆ ಹಾಡಿನಿಂದ ತಮ್ಮಲ್ಲಿ ಯಾರಿಗೂ ಒಂದು ಪೈಸೆ ಬಂದಿಲ್ಲ ಅಂತ ಹೇಳಿದರು.

ಇದನ್ನ ಸ್ವಲ್ಪ ಯೋಚನೆ ಮಾಡಿ. ಸಮ ಪಾಲು ಅಂತ ಒಪ್ಪಂದ ಆಗಿದೆ, ಹಾಡು ಲೋಕ ಸುತ್ತಿದೆ, ಪಾಲು ಹಂಚೋಕೆ ದುಡ್ಡೇ ಕೈಗೆ ಬಂದಿಲ್ಲ. ಸೊನ್ನೆಯಲ್ಲಿ ಮೂರನೇ ಒಂದು ಪಾಲೂ ಸೊನ್ನೆಯೇ. ಹಾಗಾಗಿ ‘ದುಡ್ಡು ಬಂದರೆ ಹಂಚಿಕೊಳ್ಳೋಣ’ ಅನ್ನೋ ಮಾತನ್ನ ನಾನು ನಂಬಲ್ಲ. ಲೆಕ್ಕದ ಪುಸ್ತಕ ಯಾರ ಕೈಲಿದೆ ಅಂತ ಮೊದಲು ಕೇಳ್ತೀನಿ.

ನಮ್ಮ ಚಾನೆಲ್‌ಗಳ ಲೆಕ್ಕದ ಪುಸ್ತಕ ಹೇಗಿದೆ? ಯೂಟ್ಯೂಬಲ್ಲಿ ಜಾಹೀರಾತಿನ ದುಡ್ಡು ಬರಬೇಕಾದ್ರೆ 1000 ಚಂದಾದಾರರು ಬೇಕು, 12 ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು. ಉದ್ದದ ವಿಡಿಯೋಗೆ ಬರೋ ಜಾಹೀರಾತು ಹಣದಲ್ಲಿ 55 ಪರ್ಸೆಂಟ್ ಚಾನೆಲ್‌ಗೆ. ಅದು ಬೀಳೋದು ಒಂದು ಬ್ಯಾಂಕ್ ಖಾತೆಗೆ. ಬರೆದವರು ಯಾರು, ಬಡಿದವರು ಯಾರು ಅಂತ ಯೂಟ್ಯೂಬ್ ಕೇಳಲ್ಲ. ಹಾಡು ಸಮುದಾಯದ್ದು ಅಂತ ಭಾಷಣದಲ್ಲಿ ಹೇಳೋಣ, ಖಾತೆ ಮಾತ್ರ ಒಬ್ಬರದು. ಬಹಳ ಚಾನೆಲ್‌ಗಳಿಗೆ ದೊಡ್ಡ ದುಡ್ಡೇನೂ ಬರಲ್ಲ, ನಿಜ. ಬರದಿದ್ರೆ ತೋರಿಸೋಕೆ ಕಷ್ಟ ಏನು? ಆ ಪುಟದ ಒಂದು ಸ್ಕ್ರೀನ್‌ಶಾಟ್ ತಿಂಗಳಿಗೊಮ್ಮೆ ಗ್ರೂಪಿಗೆ ಹಾಕಿದ್ರೆ ಅರ್ಧ ಅನುಮಾನ ಅಲ್ಲೇ ತೀರುತ್ತೆ.

‘ಇದು ಚಳವಳಿ, ಕೂಲಿ ಲೆಕ್ಕ ಹಾಕಬೇಡಿ’ ಅಂತ ಹಿರಿಯರೊಬ್ಬರು ಹೇಳಿದ್ರು. ಅಣ್ಣಾ, ಗೌರವದಿಂದಲೇ ಕೇಳ್ತೀನಿ. ಕ್ಯಾಮೆರಾ ಬಾಡಿಗೆ ಕೊಟ್ರಿ, ಡ್ರೋನ್‌ನವನಿಗೆ ಕೊಟ್ರಿ, ಸ್ಟುಡಿಯೋಗೆ ಗಂಟೆ ಲೆಕ್ಕದಲ್ಲಿ ಕೊಟ್ರಿ. ಅವರ್ಯಾರಿಗೂ ಚಳವಳಿ ಅಂತ ಹೇಳಲಿಲ್ಲ. ತಮಟೆಯವರಿಗೆ, ಕೋರಸ್ ಹಾಡಿದ ಹೆಣ್ಮಕ್ಕಳಿಗೆ ಮಾತ್ರ ಚಳವಳಿ ನೆನಪಾಯ್ತಾ? ಸಾವಿಗೆ, ಜಾತ್ರೆಗೆ ತಮಟೆ ಬಡಿಸಿಕೊಂಡು ಸುಗ್ಗಿಯಲ್ಲಿ ಒಂದಿಷ್ಟು ಆಯ ಹಾಕಿ ಕಳಿಸ್ತಿದ್ದರಲ್ಲ, ಆ ಬಿಟ್ಟಿ ಚಾಕರಿ ಮಾಡಲ್ಲ ಅಂತ ನಮ್ಮ ಹಿಂದಿನವರು ತಮಟೆ ಕೆಳಗಿಟ್ಟು ಬಹಿಷ್ಕಾರ ಅನುಭವಿಸಿದ್ದಾರೆ. ಅದೇ ತಮಟೆಯನ್ನ ಹೋರಾಟದ ವಾದ್ಯ ಮಾಡಿ ವೇದಿಕೆಗೆ ತಂದವರು ನಾವು. ವಾದ್ಯಕ್ಕೆ ಮರ್ಯಾದೆ ಬಂತು, ಬಡಿಯೋನಿಗೆ ಇನ್ನೂ ಕವರಲ್ಲೇ ಆಯ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಪ್ರದರ್ಶಕ’ ಅಂದ್ರೆ ಯಾರು ಅನ್ನೋ ಪಟ್ಟಿ ಇದೆ. ಗಾಯಕ, ವಾದ್ಯಗಾರ, ನರ್ತಕ ಮಾತ್ರ ಅಲ್ಲ, ಹಾವಾಡಿಗನೂ ಆ ಪಟ್ಟಿಯಲ್ಲಿದ್ದಾನೆ. ಓದಿದಾಗ ನಗು ಬಂತು, ಆಮೇಲೆ ಖುಷಿ ಆಯ್ತು. 2012ರ ತಿದ್ದುಪಡಿ ಆದ ಮೇಲೆ, ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹಾಕಿಸಿಕೊಳ್ಳೋ ಹಕ್ಕೂ ಪ್ರದರ್ಶಕನಿಗಿದೆ. ರಾಗ ಕಟ್ಟಿದವರು ಸ್ವರಲಿಪಿಯಲ್ಲಿ ಬರೆದಿರಲೇಬೇಕು ಅಂತೇನಿಲ್ಲ, ಬರೆಯದಿದ್ರೂ ಸಂಗೀತ ರಚನಕಾರರೇ. ಹಕ್ಕು ಬಿಟ್ಟುಕೊಡೋದಿದ್ರೆ ಬರಹದಲ್ಲಿರಬೇಕು, ಸಹಿ ಇರಬೇಕು. ಪತ್ರದಲ್ಲಿ ಅವಧಿ ಬರೆದಿಲ್ಲ ಅಂದ್ರೆ 5 ವರ್ಷ, ಎಲ್ಲೆಲ್ಲಿ ಅಂತ ಬರೆದಿಲ್ಲ ಅಂದ್ರೆ ಭಾರತದೊಳಗೆ ಮಾತ್ರ. ‘ಬಾಯಲ್ಲಿ ಹೇಳಿದ್ವಲ್ಲ’ ಅನ್ನೋದಕ್ಕೆ ಬೆಲೆ ಇಲ್ಲ.

ಎಲ್ಲರಿಗೂ ಸರಿಸಮ ಕೊಡಿ ಅಂತ ನಾನು ಹೇಳ್ತಿಲ್ಲ. ಆ ಎಡಿಟಿಂಗ್ ಹುಡುಗ ಹನ್ನೆರಡು ರಾತ್ರಿ ನಿದ್ದೆಗೆಟ್ಟಿದ್ದಾನೆ, ಲ್ಯಾಪ್‌ಟಾಪ್ ಕಂತು ಇನ್ನೂ ಕಟ್ಟುತ್ತಿದ್ದಾನೆ, ಅವನ ಹೆಸರೂ ಸಂಗಡಿಗರಲ್ಲೇ ಕರಗಿಹೋಗಿದೆ. ಲೂಪ್ ಹಾಕಿದ್ದು ಅವನೇ, ಹಾಕು ಅಂದದ್ದು ಬೇರೆಯವರು. ಅವನಿಗೆ ಜಾಸ್ತಿ ಸಿಕ್ಕರೆ ನನ್ನ ತಕರಾರಿಲ್ಲ. ಪಾಟೀಲರೋ ಗೌಡರೋ ನಿರ್ಮಾಪಕರು ಅಂತ ದುಡ್ಡು ಹಾಕಿದ್ರೆ ಅವರ ಅಸಲು ಮೊದಲು ವಾಪಸ್ ಹೋಗಲಿ, ಅದಕ್ಕೂ ಒಪ್ಪಿಗೆ. ಯಾರಿಗೆ ಎಷ್ಟು ಅನ್ನೋದನ್ನ ರೆಕಾರ್ಡಿಂಗ್‌ಗೆ ಮೊದಲು ಎಲ್ಲರೂ ಕೂತು ಮಾತಾಡಬೇಕು, ತಮಟೆಯವರೂ ಆ ಚಾಪೆ ಮೇಲೆ ಕೂತಿರಬೇಕು. ಈಗ ಆಗ್ತಿರೋದು ಏನಂದ್ರೆ, ಓದಿದ ನಾವು ಮಾತಾಡ್ತೀವಿ, ಓದದ ನಾವು ಹೊರಗಡೆ ತಮಟೆ ಕಾಯಿಸ್ತಾ ಇರ್ತೀವಿ.

ಬರೋ ಭಾನುವಾರ ಈ ಸಲದ ಹಾಡಿನ ಸಭೆ ಇದೆ. ನಾನು ಒಂದು ಹಾಳೆ ಟೈಪ್ ಮಾಡಿ ತರ್ತೀನಿ. ಹೆಸರು, ಮಾಡಿದ ಕೆಲಸ, ಆ ದಿನದ ಕೂಲಿ, ಮುಂದೆ ದುಡ್ಡು ಬಂದರೆ ಪಾಲು ಎಷ್ಟು, ಬೇರೆ ಹಾಡಿಗೆ ಬಳಸಬಹುದಾ ಇಲ್ಲವಾ, ಬಳಸಿದರೆ ಎಷ್ಟು, ಸಹಿ. ಕೂಲಿಯನ್ನ ರೆಕಾರ್ಡಿಂಗ್ ದಿನವೇ ಕೊಡಬೇಕು, ಹಾಡು ಓಡಲಿ ಬಿಡಲಿ. ಹೋದ ವರ್ಷದ ಮೂರೂ ಹಾಡುಗಳ ಕೆಳಗೆ ಹೆಸರು ಸೇರಿಸೋಕೆ ಎರಡು ನಿಮಿಷ ಸಾಕು, ಅದನ್ನ ಸಭೆಗೂ ಮೊದಲೇ ಮಾಡಬಹುದು.

ಇನ್ನೊಂದು ಮಾತು, ಸಭೆ ಕರೆದವರಿಗೆ: ಮಾವ ನಾಲ್ಕನೇ ಕ್ಲಾಸ್ ಓದಿದ್ದಾರೆ, ಸಹಿ ಹಾಕ್ತಾರೆ. ಇಂಕ್ ಪ್ಯಾಡ್ ತರೋದು ಬೇಡ.